ಯಾವಾಗಲಾದರೂ ಮನೆಗೆ ಬನ್ನಿ

ಮನೆಗೆ ಬನ್ನಿ ಎಂದು ಕರೆಯುವುದರಲ್ಲಿ ಮುರೋಯಿ ಹಿಸಾಯೊಳನ್ನು ಮೀರಿಸುವವರು ಜಪಾನಿನ ನಮ್ಮ ತಕಾಓಕಾ ಊರಲ್ಲಿ ಇರಲಿಲ್ಲ. ಮೀನಂಗಡಿಯಲ್ಲಿ ಸಿಕ್ಕವರಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೆನ್ನೆ ಹಿಡಿದುಕೊಂಡು ಕೂತವರಿಗೆ ಕೂಡ, ಸೊಂಟ ಬಗ್ಗಿಸಿ, ಮುಖ ಅರಳಿಸಿ, "ಯಾವಾಗಲಾದ್ರೂ ಒಂದ್ಸಲ ಮನೆ ಕಡೆ ಬನ್ನಿ" ಎನ್ನುವಳು. ಅವರೂ ಅಷ್ಟೇ ಬಗ್ಗಿ, "ಖಂಡಿತ, ಬಿಡುವು ಮಾಡ್ಕೊಂಡು ಬರ್ತೀವಿ" ಎನ್ನುವರು. ಬಂದವರು ಯಾರೂ ಇಲ್ಲ. ಯಾರಾದರೂ ನಿಜವಾಗಿ ಬಂದುಬಿಟ್ಟಿದ್ದರೆ ಹಿಸಾಯೊಳ ಎದೆ ಧಸಕ್ಕೆನ್ನುತ್ತಿತ್ತು. ನಮ್ಮೂರಲ್ಲಿ ಬಾಗಿಲು ತೆಗೆದು ಒಳಗೆ ಬಂದರೆ ಮೊದಲು ಚಪ್ಪಲಿ ಬಿಡುವ ಜಾಗ. ಅಲ್ಲಿಯವರೆಗೆ ಯಾರು ಬೇಕಾದರೂ ಬರಬಹುದು. ಅಲ್ಲಿಂದ ಒಂದು ಮೆಟ್ಟಿಲು ಹತ್ತಿದರೆ ಮನೆ. ಪಕ್ಕದ ಮನೆಯಾಕೆ ಮದುವೆಯಾಗಿ ಬಂದಾಗಿನಿಂದ ಆ ಮೆಟ್ಟಿಲ ಕೆಳಗೇ ನಿಂತು ಮೂಲಂಗಿ ಕೊಟ್ಟು, ತನ್ನ ಸೊಸೆಯನ್ನು ಬೈದು, ಹೋಗುತ್ತಾರೆ. ಅದರಲ್ಲಿ ಯಾರಿಗೂ ಬೇಜಾರಿಲ್ಲ.

ಹಿಸಾಯೊಗೆ ಅರವತ್ತು ದಾಟಿತ್ತು. ಗಂಡ ಕೊಹೆಯಿ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ದೇವರ ಗೂಡಿನ ಮುಂದೆ ಇಡುವ ಬಟ್ಟಲುಗಂಟೆಗಳನ್ನು ಉಜ್ಜಿ, ಬಡಿದು, ನಾದ ಸರಿಮಾಡುವ ಕೆಲಸದವನು. ಅವಳು ಗುರುವಾರ ಮಧ್ಯಾಹ್ನ ಸಮುದಾಯ ಭವನದಲ್ಲಿ ಊರ ಹಿರಿಯರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ವ್ಯಾಕರಣ ಅವಳ ಪಾಲು. ಮಾತಾಡಿಸುವುದು ಡೊರೀನ್ ಪ್ಲಾಟ್ ಪಾಲು. ಡೊರೀನ್ ಹುಡುಗಿಯರ ಶಾಲೆಗೆ ಟೀಚರಾಗಿ ಇಂಗ್ಲೆಂಡಿನಿಂದ ಬಂದವಳು. ನಿವೃತ್ತಿಯಾದ ಮೇಲೂ ಹೊಳೆಯಾಚೆ ಒಂದು ಬಾಡಿಗೆ ಕೋಣೆಯಲ್ಲಿ ಉಳಿದುಬಿಟ್ಟಿದ್ದಳು. ಮದುವೆಯಿಲ್ಲ, ಮಕ್ಕಳಿಲ್ಲ. ಉದ್ದನೆಯ ಆಳು, ಬೆಳ್ಳಗಾದ ಕೂದಲು. ಬಾಯಿ ಬಿಟ್ಟರೆ ನಮ್ಮ ಮೀನು ಮಾರುವ ಹೆಂಗಸರ ಜಪಾನಿ ಭಾಷೆಯೇ ಬರುತ್ತಿತ್ತು.

ಆ ಗುರುವಾರದ ಪಾಠ, ಗೊತ್ತಿಲ್ಲದ ಕಾಲವನ್ನು ಹೇಳುವುದು ಹೇಗೆ ಎಂಬುದು. ಹಿಸಾಯೊ ಕರಿಹಲಗೆಯ ಎಡಕ್ಕೆ ಇಂಗ್ಲಿಷಿನ ‘ಸಮ್ ಡೇ’, ‘ಒನ್ ಆಫ್ ದೀಸ್ ಡೇಸ್’ ಬರೆದಳು. ಬಲಕ್ಕೆ ನಮ್ಮ ‘ಇತ್ಸುಕಾ’, ‘ಸೊನೊ ಉಚಿ’ ಬರೆದಳು. ಯಾವತ್ತೋ ಒಂದು ದಿನ ಎನ್ನುವುದಕ್ಕೆ ಮೊದಲನೆಯದು, ಇನ್ನು ಸ್ವಲ್ಪ ದಿನದಲ್ಲಿ ಎನ್ನುವುದಕ್ಕೆ ಎರಡನೆಯದು. ಇಷ್ಟು ಹೇಳಿ, ಪ್ರತಿವರ್ಷ ಈ ಪಾಠಕ್ಕೆ ಸೇರಿಸುವ ತನ್ನ ಇಷ್ಟದ ಮಾತನ್ನು ಸೇರಿಸಿದಳು. ಇಂಗ್ಲಿಷರು ದಿನ ಹೇಳುತ್ತಾರೆ, ನಾವು ಮನಸ್ಸು ಹೇಳುತ್ತೇವೆ.

ಕ್ಷೌರದಂಗಡಿಯ ಕಿತಾನೊ ಕೈ ಎತ್ತಿದ. "ಟೀಚರ್, ಈ ಸಮ್ ಡೇ ಅನ್ನೋದು ಎಷ್ಟು ದೂರ? ನಮ್ಮ ಸೊನೊ ಉಚಿ ಥರ ನಾವು ಸತ್ತ ಮೇಲೇನಾ?"

"ಕಿತಾನೊ ಸಾನ್, ನಿಮ್ಮಂಗಡಿ ಬೋರ್ಡಿಗೆ ಯಾವಾಗ ಬಣ್ಣ ಹೊಡಿಸ್ತೀರ?" ಎಂದು ಡೊರೀನ್ ಕೇಳಿದಳು.

"ಸೊನೊ ಉಚಿ."

"ಅಷ್ಟೇ ದೂರ."

ಎಲ್ಲರೂ ನಕ್ಕರು. ತೋಫು ಅಂಗಡಿಯ ಹಾರುಎ ಬಿಡಲಿಲ್ಲ. "ಆದ್ರೂ ನಿಮ್ಮವರು ಬಾ ಅಂದ್ರೆ ಬಾ ಅಂತಲೇ ಅರ್ಥ ಅಂತಲ್ವಾ ಟೀಚರ್. ದಿನ, ಗಂಟೆ ಎಲ್ಲ ಹೇಳೇ ಕರೀತಾರಂತೆ."

"ಯಾರು ಹೇಳಿದ್ದು ನಿಮಗೆ?" ಎಂದಳು ಡೊರೀನ್. "ಪಾದ್ರಿ ಹೆಂಡ್ತಿ ಸಿಕ್ಕಾಗೆಲ್ಲ ನಮ್ಮಮ್ಮ ಒಂದ್ಸಲ ಟೀಗೆ ಬರ್ಲೇಬೇಕು ನೀವು ಅಂತಿದ್ಲು. ಆಯಮ್ಮ ಒಂದಿನ ಬಂದೇ ಬಿಟ್ಲು. ನಮ್ಮಮ್ಮ ನನ್ನೂ ತಂಗೀನೂ ಎಳ್ಕೊಂಡು ಸೋಫಾ ಹಿಂದೆ ಬಗ್ಗಿ ಕೂತ್ಲು."

ನಗು ಭವನದ ಸೂರಿಗೆ ಹತ್ತಿತು. ಹಿಸಾಯೊ ನಕ್ಕಳಾದರೂ ಒಳಗೆ ಸ್ವಲ್ಪ ಚುಚ್ಚಿತು. ಇಷ್ಟು ವರ್ಷ ಹೇಳಿಕೊಂಡು ಬಂದ ಅವಳ ಇಷ್ಟದ ಮಾತನ್ನು ಡೊರೀನ್ ಎಲ್ಲರೆದುರು ಒಂದೇ ಏಟಿಗೆ ಮುರಿದಿದ್ದಳು.

ತರಗತಿ ಮುಗಿದ ಮೇಲೆ ಇಬ್ಬರೂ ಎಂದಿನಂತೆ ಬಸ್ ನಿಲ್ದಾಣದವರೆಗೆ ನಡೆದರು. ಮಾರ್ಚ್ ತಿಂಗಳು. ರಸ್ತೆಯ ಪಕ್ಕ ಸರಿಸಿದ ಹಿಮದ ರಾಶಿ ಕಪ್ಪಾಗಿ ಕರಗುತ್ತಿತ್ತು. ಡೊರೀನ್ ಮಂಡಿ ನೋವಿಗೆ ನಿಧಾನವಾಗಿ ಹೆಜ್ಜೆ ಇಡುತ್ತಾ, ಇದು ಕೊನೆಯ ತಿಂಗಳು, ಇಂಗ್ಲೆಂಡಿನ ಗ್ರಿಮ್ಸ್‌ಬಿಯಲ್ಲಿರುವ ತಂಗಿಯ ಮನೆಗೆ ಹೋಗಿ ಇರುತ್ತೇನೆ, ಟಿಕೆಟ್ಟೂ ಆಯಿತು, ಇನ್ನು ಬರುವುದಿಲ್ಲ ಎಂದು ಹೇಳಿದಳು.

ಹಿಸಾಯೊಗೆ ಬೇಸರವಾಯಿತು, ಅದು ಸುಳ್ಳಲ್ಲ. ಬೇಸರವಾದಾಗ ಬಾಯಿಗೆ ಮೊದಲು ಏನು ಬರುತ್ತದೋ ಅದೇ ಬಂತು. "ಅಯ್ಯೋ, ಹಾಗಾದ್ರೆ ಹೋಗೋಕೆ ಮುಂಚೆ ಒಂದ್ಸಲ ಮನೆಗೆ ಬರ್ಬೇಕು ನೀವು."

ಡೊರೀನ್ ನಿಂತಳು. "ಯಾವತ್ತು ಬರ್ಲಿ?"

ಅರವತ್ತು ವರ್ಷದಲ್ಲಿ ಹಿಸಾಯೊಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವಳು ನಿಲ್ದಾಣದ ಬೆಂಚನ್ನು ನೋಡಿದಳು, ಬರದ ಬಸ್ಸನ್ನು ನೋಡಿದಳು. ಡೊರೀನ್ ಮಾತನ್ನು ತಮಾಷೆಗೆ ತಿರುಗಿಸಿಯಾಳು ಎಂದು ಕಾದಳು. ಡೊರೀನ್ ತಿರುಗಿಸಲಿಲ್ಲ.

"ಹಿಸಾಯೊ ಸಾನ್, ಈ ಮಾತಿಗೆ ಹೀಗೆ ಕೇಳಬಾರ್ದು ಅಂತ ನನಗೆ ಗೊತ್ತು. ಇಷ್ಟು ವರ್ಷ ಕೇಳ್ಲಿಲ್ಲ ಅಲ್ವಾ? ಆದ್ರೆ ಈ ಊರಲ್ಲಿ ಎಷ್ಟು ಬಾಗ್ಲಲ್ಲಿ ನಿಂತಿದೀನೋ ಲೆಕ್ಕ ಇಲ್ಲ. ಮೆಟ್ಲು ಹತ್ತಿ ಒಂದು ಮನೆ ಒಳಗೂ ಹೋಗಿಲ್ಲ. ಹೋಗೋಕೆ ಮುಂಚೆ ಒಂದು ಮನೇಲಿ ಕೂತ್ಕೊಂಡು ಟೀ ಕುಡೀಬೇಕು ಅಂತ ಆಸೆ. ಟೀ ಸಾಕು. ಅಡುಗೆ ಗಿಡುಗೆ ಬೇಡ."

"ಅದಕ್ಕೇನಂತೆ, ಬನ್ನಿ, ಬನ್ನಿ. ಮನೆ ಸ್ವಲ್ಪ ಓರಣ ಮಾಡ್ಕೊಂಡು ನಾನೇ ಫೋನ್ ಮಾಡ್ತೀನಿ."

"ಕಾಯ್ತಿರ್ತೀನಿ" ಎಂದಳು ಡೊರೀನ್. ಬಸ್ಸು ಬಂತು.

ಮನೆಗೆ ಬಂದ ಹಿಸಾಯೊ ಕೋಟು ಬಿಚ್ಚುವ ಮೊದಲೇ ಮನೆಯನ್ನು ನೋಡಿದಳು. ದಿನವೂ ಇದ್ದ ಮನೆಯೇ. ಆದರೆ ಈಗ ನೋಡುತ್ತಿದ್ದುದು ಡೊರೀನಳ ಕಣ್ಣಿನಿಂದ. ನೆಲದ ಚಾಪೆ ಹಾಸು ಟೀ ಬಣ್ಣಕ್ಕೆ ತಿರುಗಿತ್ತು. ಜಾರುಬಾಗಿಲಿನ ಕಾಗದದಲ್ಲಿ ಹಿಂದೆ ಸಾಕಿದ್ದ ಬೆಕ್ಕಿನ ಉಗುರಿನ ತೂತುಗಳು ಹಾಗೆಯೇ ಇದ್ದವು. ಶೌಚಾಲಯ ಹಳೇ ಕಾಲದ್ದು, ಮಂಡಿ ನೋವಿನವರು ಕೂತರೆ ಏಳಲಾರರು. ಅತ್ತೆ ಬಿಟ್ಟುಹೋದ ಹಾಸಿಗೆಗಳು ಗೋಡೆಗೂಡಿನಲ್ಲಿ ಹಿಡಿಸಲಾರದೆ ಬಾಗಿಲು ಉಬ್ಬಿತ್ತು.

"ಬರ್ಲಿ ಬಿಡೇ" ಎಂದ ಕೊಹೆಯಿ, ಹಿತ್ತಾಳೆಯ ಪುಡಿ ಮೆತ್ತಿದ ಕೈಯಲ್ಲೇ ಟೀ ಬಟ್ಟಲು ಹಿಡಿದು. "ಟೀ ಕುಡಿಯೋಕೆ ಚಾಪೆ ಬಣ್ಣ ಯಾಕೆ ನೋಡ್ತಾರೆ?"

"ನಿಮಗೇನ್ರೀ ಗೊತ್ತು. ಅವರಿಗೆ ಕಾಲು ಮಡಚೋಕಾಗಲ್ಲ. ನಮ್ಮನೇಲಿ ಒಂದು ಕುರ್ಚಿ ಇದೆಯಾ?"

"ಕೊಟ್ಟಿಗೇಲಿ ನನ್ನ ಸ್ಟೂಲಿದೆ."

"ಅದರ ಮೇಲೆ ಕೂರಿಸ್ತೀರಾ ಅವರನ್ನ?"

"ನಾನು ದಿನಾ ಅದರ ಮೇಲೇ ಕೂರ್ತೀನಿ, ಏನಾಗಿದೆ ನನಗೆ? ಕರೆದಿದ್ದು ನೀನು. ನೀನು ಕರೀತಿರೋದನ್ನ ನಾನೇ ಎಷ್ಟೋ ಸಲ ಕೇಳಿಸ್ಕೊಂಡಿದೀನಿ."

"ಕರೆಯೋದು ಅಂದ್ರೆ ಹಾಗೆ ಕರೆಯೋದಲ್ಲ" ಎಂದಳು ಹಿಸಾಯೊ. ಅವನು ಟೀ ಬಟ್ಟಲು ಬರಿದುಮಾಡಿ ಕೊಟ್ಟಿಗೆಗೆ ಹೋದ.

ಅವಳು ಸುಮ್ಮನೆ ಕೂರಲಿಲ್ಲ. ಅಂಗಡಿಗೆ ಹೋಗಿ ಹೂವಿನೆಸಳಿನ ಆಕಾರದ ಕಾಗದದ ತೇಪೆಗಳನ್ನು ತಂದು ಬಾಗಿಲಿನ ತೂತುಗಳಿಗೆ ಅಂಟಿಸತೊಡಗಿದಳು. ಅರ್ಧ ಅಂಟಿಸಿ ದೂರ ನಿಂತು ನೋಡಿದರೆ ತೇಪೆಗಳೇ ಎದ್ದು ಕಂಡವು, ಉಳಿದದ್ದನ್ನು ಬಿಟ್ಟಳು. ಚಾಪೆ ಹಾಸು ಬದಲಿಸುವವನನ್ನು ಕೇಳಿದರೆ ಏಪ್ರಿಲಿನಲ್ಲಿ ನೋಡೋಣ ಎಂದ. ಫೋನಿನ ಪಕ್ಕ ಹಾದುಹೋಗುವಾಗಲೆಲ್ಲ ನಾಳೆ ಮಾಡಿದರಾಯಿತು ಎಂದುಕೊಂಡಳು. ಹೀಗೆ ಒಂದು ನಾಳೆ ಹೋಗಿ ಇನ್ನೊಂದು ಬಂತು. ಮೊದಲ ವರ್ಷ ಡೊರೀನ್ ತನ್ನ ಕೋಣೆಗೆ ಊಟಕ್ಕೆ ಬಾ ಎಂದು ದಿನ, ಹೊತ್ತು ಎಲ್ಲ ಹೇಳಿ ಕರೆದದ್ದು ಅವಳಿಗೆ ಈಗ ನೆನಪಾಯಿತು. ಆಗ ತಾನು, "ಓ, ಸಂತೋಷ, ಮುಂದೆ ಯಾವಾಗಲಾದ್ರೂ" ಎಂದಿದ್ದಳು. ಡೊರೀನ್ ಮತ್ತೊಮ್ಮೆ ಕರೆದಿದ್ದಳು, ಆಗಲೂ ಅದೇ ಉತ್ತರ. ಆಮೇಲೆ ಕರೆದಿರಲಿಲ್ಲ.

ಅಲ್ಲಿಂದ ಮುಂದೆ ಅವಳು ಹಗಲು ಹೊತ್ತೂ ಮುಂಬಾಗಿಲ ಚಿಲಕ ಹಾಕತೊಡಗಿದಳು. ಕೊಹೆಯಿ ಕೇಳಿದ್ದಕ್ಕೆ ಕಳ್ಳರ ಕಾಟ ಎಂದಳು. ನಮ್ಮ ಬೀದಿಯಲ್ಲಿ ಕಳ್ಳತನವಾದದ್ದನ್ನು ಕಂಡವರಿಲ್ಲ.

ತಿಂಗಳ ಕೊನೆಗೆ ತರಗತಿಯವರೆಲ್ಲ ಸೇರಿ ಸ್ಟೇಷನ್ ಹತ್ತಿರದ ಊಟದ ಮನೆಯಲ್ಲಿ ಬೀಳ್ಕೊಡುಗೆ ಇಟ್ಟರು. ಇದು ಹಿಸಾಯೊ ಸೂಚಿಸಿದ್ದೇ. ಹೊರಗೆ ಚೆನ್ನಾಗಿ ಊಟ ಹಾಕಿಸಿಬಿಟ್ಟರೆ ಮನೆಯ ಮಾತು ಮುಳುಗಿಹೋಗುತ್ತದೆ ಎಂಬ ಲೆಕ್ಕಾಚಾರ ಅವಳದು, ಅದು ಅವಳಿಗೂ ಗೊತ್ತಿತ್ತು. ಏಡಿ ಬಂತು, ಕಡಲಪಾಚಿಯಲ್ಲಿ ಸುತ್ತಿದ ಮೀನಿನ ಹಿಟ್ಟಿನ ಬಿಲ್ಲೆಗಳು ಬಂದವು, ಸಾಕೆ ಎಂಬ ಅಕ್ಕಿಯ ಮದ್ಯ ಬಂತು. ಕಿತಾನೊ ಕುಡಿದು ಇಂಗ್ಲಿಷಿನಲ್ಲಿ ಅತ್ತ. ಕೊನೆಗೆ ಮಾತಾಡುವ ಸರದಿ ಹಿಸಾಯೊಳದು. ಅವಳು ಎದ್ದು ನಿಂತು ತುಂಬ ಚೆನ್ನಾಗಿ ಮಾತಾಡಿದಳು. ಬರೆದು ಬಾಯಿಪಾಠ ಮಾಡಿದ್ದಳು. ಬರೆದದ್ದು ಮುಗಿದ ಮೇಲೆ ಸುಮ್ಮನೆ ಕೂರಬೇಕಿತ್ತು. ಎಲ್ಲರೂ ಇನ್ನೂ ಮುಖ ನೋಡುತ್ತಿದ್ದುದರಿಂದ, ಬಗ್ಗಿ ಕೂರುವ ಮುನ್ನ ಬಾಯಿ ತಾನಾಗಿ ಇನ್ನೊಂದು ವಾಕ್ಯ ಸೇರಿಸಿತು.

"ಈ ಕಡೆ ಬಂದಾಗ, ಯಾವಾಗಲಾದ್ರೂ, ದಯವಿಟ್ಟು ನಮ್ಮ ಮನೆಗೆ ಬನ್ನಿ."

ಚಪ್ಪಾಳೆ ಬಿತ್ತು. ಹೇಳಿದ ಮೇಲೆ ಹಿಸಾಯೊಗೆ ಕೇಳಿಸಿತು ತಾನು ಹೇಳಿದ್ದು. ಕಿವಿಯ ತುದಿಯವರೆಗೆ ಬಿಸಿ ಏರಿತು.

"ಗ್ರಿಮ್ಸ್‌ಬಿಯಿಂದ ಈ ಕಡೆ ಬಂದಾಗಂತೆ. ತರಕಾರಿ ತರೋಕೆ ಬರ್ತಾರಾ?" ಎಂದು ಕಿತಾನೊ ಪಕ್ಕದವನಿಗೆ ಹೇಳಿದ್ದು ಇಡೀ ಮೇಜಿಗೆ ಕೇಳಿಸಿತು.

ಡೊರೀನ್ ಎದ್ದಳು. ನಾವು ಬಗ್ಗುವುದಕ್ಕಿಂತ ಚೆಂದವಾಗಿ ಬಗ್ಗಿದಳು. "ಖಂಡಿತ" ಎಂದಳು, ಅಷ್ಟೇ.

ಹಿಸಾಯೊ ಆಮೇಲೆ ಒಂದು ತುತ್ತೂ ನುಂಗಲಿಲ್ಲ. ಹೇಳಿದ್ದು ಸುಳ್ಳಾದರೆ ಸುಳ್ಳು ಎಂದಾದರೂ ಅಂದುಕೊಳ್ಳಬಹುದಿತ್ತು. ಇದು ಸುಳ್ಳೂ ಅಲ್ಲ, ನಿಜವೂ ಅಲ್ಲ, ಬಾಯಿಗೆ ಅಂಟಿಕೊಂಡ ಒಂದು ಜಿಡ್ಡು. ಆ ಜಿಡ್ಡನ್ನು ಒಬ್ಬಳ ಆಸೆಯ ಮೇಲೆ ಎಲ್ಲರೆದುರು ಸವರಿದ್ದಳು. ಮರುದಿನ ಬೆಳಿಗ್ಗೆ ಫೋನ್ ಮಾಡಿಯೇ ಬಿಡುತ್ತೇನೆ ಎಂದುಕೊಂಡಳು. ಬೆಳಗಾದ ಮೇಲೆ, ಡೊರೀನ್ ಈಗ ಸಾಮಾನು ಕಟ್ಟುವ ಗಡಿಬಿಡಿಯಲ್ಲಿರುತ್ತಾಳೆ, ತೊಂದರೆ ಕೊಡಬಾರದು ಎಂದುಕೊಂಡಳು.

ಡೊರೀನ್ ಹೊರಡುವ ಹಿಂದಿನ ದಿನ ಮಧ್ಯಾಹ್ನ ಹಿಸಾಯೊ ಬೀದಿಯ ಕಡೆಯ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ನಮ್ಮ ಬೀದಿಯ ಹಳೇ ಮನೆಗಳಿಗೆಲ್ಲ ಮುಂದೆ ತೆಳು ಪಟ್ಟಿಗಳ ಮರದ ಜಾಲರಿ. ಒಳಗಿನವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗು ಕಾಣುವುದಿಲ್ಲ. ಆ ಜಾಲರಿಯಲ್ಲಿ ಅವಳಿಗೆ ಒಂದು ನೀಲಿ ಕೋಟು ಕಂಡಿತು. ಕೈಯಲ್ಲಿ ಸಿಹಿತಿಂಡಿ ಅಂಗಡಿಯ ಪೊಟ್ಟಣ. ಡೊರೀನ್ ಮನೆಯ ಹೆಸರಿನ ಹಲಗೆಯನ್ನು ಓದಿ, ಕೂದಲು ಸರಿಮಾಡಿಕೊಂಡು, ಬಾಗಿಲಿಗೆ ಬಂದಳು.

ಎದ್ದು ಹೋಗಿ ಚಿಲಕ ತೆಗೆಯಬೇಕಿತ್ತು. ಎರಡು ಹೆಜ್ಜೆ ದೂರ. ಹಿಸಾಯೊ ಕೈಯಲ್ಲಿದ್ದ ಬನಿಯನ್ನನ್ನು ಎದೆಗೆ ಅವುಚಿಕೊಂಡು ಜಾಲರಿಯ ಕೆಳಗೆ ನೆಲಕ್ಕೆ ಬಗ್ಗಿದಳು.

ಬಾಗಿಲು ಅಲುಗಿತು, ತೆರೆಯಲಿಲ್ಲ. "ಮನೇಲಿದೀರಾ?" ಎಂದಳು ಡೊರೀನ್. ಸ್ವಲ್ಪ ಬಿಟ್ಟು ಇನ್ನೊಮ್ಮೆ ಕೂಗಿದಳು.

ಅದೇ ಹೊತ್ತಿಗೆ ಹಿಂದಿನ ಕೊಟ್ಟಿಗೆಯಲ್ಲಿ ಕೊಹೆಯಿ ಒಂದು ಬಟ್ಟಲುಗಂಟೆಯನ್ನು ಬಡಿದು ನೋಡಿದ. ನಾದ ಮನೆಯೆಲ್ಲ ಹರಿದು, ಬಾಗಿಲು ದಾಟಿ, ಬೀದಿಗೆ ಹೋಯಿತು. ಅವನು ಕೆಲಸ ಬಲ್ಲವನು, ಅವನ ಗಂಟೆಯ ನಾದ ಬೇಗ ಅಡಗುವುದಿಲ್ಲ. ಒಳಗೆ ಹೊರಗೆ ಇಬ್ಬರು ಹೆಂಗಸರೂ ಅದು ಮುಗಿಯುವವರೆಗೆ ಕೇಳಿಸಿಕೊಂಡರು.

ಆಮೇಲೆ ಡೊರೀನ್ ಮುಚ್ಚಿದ ಬಾಗಿಲಿಗೆ ಹೇಳಿದಳು, ಒಳಗಿನವರಿಗೆ ಸ್ಪಷ್ಟವಾಗಿ ಕೇಳುವಷ್ಟು ಗಟ್ಟಿಯಾಗಿ. "ಯಾರೂ ಇಲ್ಲ ಅಂತ ಕಾಣತ್ತೆ. ಪರವಾಗಿಲ್ಲ. ಇನ್ನೊಂದ್ಸಲ ಬರ್ತೀನಿ."

ಹೆಜ್ಜೆ ದೂರವಾಯಿತು. ಹಿಸಾಯೊಗೆ ಮೊದಲು ಆದದ್ದು ಸಮಾಧಾನ, ಅದನ್ನು ಮುಚ್ಚಿಡುವುದೇಕೆ. ತಪ್ಪಿತಲ್ಲ ಎಂದು ಉಸಿರುಬಿಟ್ಟಳು. ಬಿಟ್ಟ ಉಸಿರು ಪೂರ್ತಿ ಹೊರಗೆ ಹೋಗುವಷ್ಟರಲ್ಲಿ ನಾಚಿಕೆ ಬಂತು. ನಾಳೆ ದೇಶವನ್ನೇ ಬಿಡುವವಳು ಇನ್ನೊಂದು ಸಲ ಬರುತ್ತೇನೆ ಎಂದದ್ದು ಯಾರ ಮಾನ ಉಳಿಸುವುದಕ್ಕೆ ಎಂದು ಅವಳಿಗೆ ತಿಳಿಯದೇ ಇರಲಿಲ್ಲ. ನೆಲದ ಮೇಲಿಂದ ಏಳಲೂ ನಾಚಿಕೆಯಾಯಿತು. ಹಾಗೇ ಮೊಣಕಾಲೂರಿ ಇದ್ದಳು.

ಹಿಂಬಾಗಿಲು ಸರಿದ ಸದ್ದಾಯಿತು. ಕೊಹೆಯಿಯ ದನಿ ಕೇಳಿಸಿತು. "ಬನ್ನಿ ಬನ್ನಿ, ತಲೆ ಜೋಪಾನ, ಸೂರು ತಗ್ಗು. ಅವಳು ಪೇಟೆ ಕಡೆ ಹೋಗಿರ್ಬೇಕು, ಈಗ ಬಂದ್ಬಿಡ್ತಾಳೆ. ಉಜ್ಜಿದ ನೀರು ಚೆಲ್ಲೋಕೆ ಓಣಿಗೆ ಬಂದಿದ್ದು ಒಳ್ಳೇದಾಯ್ತು ನೋಡಿ, ಇಲ್ದಿದ್ರೆ ನೀವು ಹಾಗೇ ಹೋಗ್ಬಿಡ್ತಿದ್ರಿ." ನಡುವಿನ ಜಾರುಬಾಗಿಲು ತೆರೆಯಿತು.

ಅಲ್ಲಿ ಹಿಸಾಯೊ ಇದ್ದಳು. ಜಾಲರಿಯ ಕೆಳಗೆ, ಕೈಕಾಲೂರಿ, ಗಂಡನ ಬನಿಯನ್ನಿನ ಮೇಲೆ.

ಕೊಹೆಯಿ ಹೊಸ್ತಿಲಲ್ಲೇ ನಿಂತ. ಅವನ ಹಿಂದೆ ಚಪ್ಪಲಿ ಕಳಚಿ ಕಾಲುಚೀಲದಲ್ಲಿ ನಿಂತ ಡೊರೀನ್ ಹಿಸಾಯೊಳನ್ನು ನೋಡಿದಳು, ಜಾಲರಿಯನ್ನು ನೋಡಿದಳು.

"ಏನಾದ್ರೂ ಬಿದ್ದುಹೋಯ್ತಾ?" ಎಂದಳು. "ಸೂಜಿನಾ?"

"ಹೂಂ" ಎಂದಳು ಹಿಸಾಯೊ.

"ಕಾಲಿಗೆ ಚುಚ್ಚಿದ್ರೆ ಕಷ್ಟ. ತಾಳಿ, ನಾನೂ ನೋಡ್ತೀನಿ." ಪೊಟ್ಟಣವನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದು, ಒಂದೊಂದೇ ಮಂಡಿ ಮಡಚಿ, ಡೊರೀನ್ ನೆಲಕ್ಕಿಳಿದಳು. ಇಷ್ಟು ವರ್ಷ ಕಾದು ನೋಡಬೇಕೆಂದಿದ್ದ ಮನೆಯಲ್ಲಿ ಅವಳು ಮೊದಲು ನೋಡಿದ್ದು ಚಾಪೆಯ ಸಂದುಗಳನ್ನು. ಅಂಗೈಯಿಂದ ಸವರಿ ಸವರಿ ಹುಡುಕಿದಳು.

ಕೊಹೆಯಿ ಒಳ್ಳೆಯವನು. ಅಂದರೆ ನಿಜಕ್ಕೂ ಸೂಜಿ ಬಿದ್ದಿದೆ ಎಂದೇ ನಂಬಿದ. ಟಾರ್ಚ್ ತಂದ. "ಎಂಥ ಸೂಜಿನೇ? ಉದ್ದದ್ದಾ, ಗಿಡ್ಡದ್ದಾ?" ಎಂದು ಕೇಳುತ್ತಾ ಅವನೂ ಬಗ್ಗಿ, ಮೇಜಿನ ಕೆಳಗೆ ಬೆಳಕು ಬಿಟ್ಟ.

"ಗಿಡ್ಡದ್ದು" ಎಂದಳು ಹಿಸಾಯೊ.

ಮೂವರೂ ಹುಡುಕಿದರು. ಪಕ್ಕದಲ್ಲಿ ಡೊರೀನಳ ಮಂಡಿ ಒಮ್ಮೆ ಟಕ್ಕೆಂದಿತು. ಅವಳು ಹಲ್ಲು ಕಚ್ಚಿ ಇನ್ನೂ ಮುಂದೆ ಸರಿದಳು. ಆ ದೊಡ್ಡ ಬಿಳೀ ಕೈ ತನ್ನ ಹಳೇ ಚಾಪೆಯ ಮೇಲೆ, ಇಲ್ಲದ ಸೂಜಿಗಾಗಿ, ಅಷ್ಟು ಜಾಗ್ರತೆಯಾಗಿ ಓಡಾಡುವುದನ್ನು ಹಿಸಾಯೊಗೆ ನೋಡಲಾಗಲಿಲ್ಲ.

"ಸಾಕು ಬಿಡಿ" ಎಂದಳು. "ಸೂಜಿ ಇಲ್ಲ. ನಾನು ಬಚ್ಚಿಟ್ಕೊಂಡಿದ್ದೆ."

ಕೊಹೆಯಿ ಹಚ್ಚಿದ ಟಾರ್ಚನ್ನು ಹಿಡಿದೇ ಕೂತ. ಹೆಂಡತಿಯ ಮುಖ ನೋಡಿದ, ಚಿಲಕ ಹಾಕಿದ್ದ ಮುಂಬಾಗಿಲನ್ನು ನೋಡಿದ. ಕಳ್ಳರ ಕಾಟ ಅವನಿಗೆ ಆಗ ಅರ್ಥವಾಗಿರಬೇಕು. ಟಾರ್ಚ್ ಆರಿಸಿದ.

"ಹಾಗಾದ್ರೆ ಹುಡುಕೋದು ನಿಲ್ಲಿಸ್ತೀನಿ. ಮಂಡಿ ಹೋಗಿತ್ತು ನಂದು" ಎಂದಳು ಡೊರೀನ್. ಗೋಡೆಗೆ ಒರಗಿ ಕಾಲು ನೀಡಿದಳು.

"ನಮ್ಮಲ್ಲಿ ಅದು ಹಾಗೇ, ಡೊರೀನ್ ಸಾನ್. ಕರೆಯೋದು ಅಂದ್ರೆ ಮಾತಿಗೆ. ನಿಮಗೆ ಗೊತ್ತಲ್ಲ, ನಮ್ಮ ಜನ..."

"ನಿಮ್ಮ ಜನ ಏನೂ ಮಾಡ್ಲಿಲ್ಲ" ಎಂದಳು ಡೊರೀನ್. ಸಿಟ್ಟಿನಿಂದಲ್ಲ, ಕಿತಾನೊನ ಉಚ್ಚಾರ ತಿದ್ದುವಾಗಿನ ದನಿಯಲ್ಲೇ.

ಹಿಸಾಯೊ ಎದ್ದು ಅಡುಗೆಮನೆಗೆ ಹೋಗಿ ಟೀಗೆ ನೀರಿಟ್ಟಳು. ಕೆಟಲ್ ಮುಂದೆ ನಿಂತಾಗ ಅಳು ಬಂತು, ಅತ್ತರೆ ಇನ್ನೂ ನಾಚಿಕೆಗೇಡು ಎಂದು ನುಂಗಿಕೊಂಡಳು. ಹಿಂತಿರುಗಿದಾಗ ಕೊಹೆಯಿ ಕೊಟ್ಟಿಗೆಯ ಸ್ಟೂಲನ್ನು ಒರೆಸಿ ತಂದಿದ್ದ. ಡೊರೀನ್ ಅದರ ಮೇಲೆ ಕೂತು ಮನೆಯನ್ನು ನೋಡುತ್ತಿದ್ದಳು. ದೇವರ ಗೂಡು, ಅತ್ತೆಯ ಪಟ, ಸೀಮೆಎಣ್ಣೆ ಒಲೆ, ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರು, ಅರ್ಧಕ್ಕೆ ನಿಂತ ಕಾಗದದ ಹೂವುಗಳು. ಪರೀಕ್ಷೆಗೆ ಓದುವವರ ಹಾಗೆ ಒಂದೊಂದನ್ನೂ ನೋಡುತ್ತಿದ್ದಳು. ಚಾಪೆ ಯಾವ ಬಣ್ಣ ಎಂದು ಅವಳು ಗಮನಿಸಿದ ಹಾಗೆ ಹಿಸಾಯೊಗೆ ಕಾಣಲಿಲ್ಲ. ಯಾರೂ ಕೇಳದೆಯೇ ಹಿಸಾಯೊ ಗೋಡೆಗೂಡಿನ ಉಬ್ಬಿದ ಬಾಗಿಲನ್ನೂ ತೆಗೆದು ತೋರಿಸಿದಳು. ಹಾಸಿಗೆಗಳು ಮುಂದಕ್ಕೆ ವಾಲಿದವು. ಕೊಹೆಯಿ ಬೆನ್ನು ಕೊಟ್ಟು ತಡೆದ.

ಟೀ ಕುಡಿದರು. ಡೊರೀನ್ ತಂದ ಹುರುಳಿ ಹೂರಣದ ಸಿಹಿ ತಿಂದರು. ನಾಳೆ ವಿಮಾನ ಎಷ್ಟು ಹೊತ್ತಿಗೆ ಎಂದು ಕೊಹೆಯಿ ಕೇಳಿದ. ಡೊರೀನ್ ಹೇಳಿದಳು. ಆ ಹೊತ್ತನ್ನು ತಂಗಿಗೂ ತಿಳಿಸಬೇಕು, ತನ್ನ ಕೋಣೆಯ ಫೋನನ್ನು ಬೆಳಿಗ್ಗೆ ಕಿತ್ತುಕೊಂಡು ಹೋದರು, ಸ್ಟೇಷನ್ನಿನಿಂದ ಮಾಡುತ್ತೇನೆ ಎಂದಳು.

"ನಮ್ಮ ಫೋನು ಯಾಕಿದೆ ಮತ್ತೆ?" ಎಂದ ಕೊಹೆಯಿ. "ಅಲ್ಲಿ ಈಗ ಬೆಳಿಗ್ಗೆ ಅಲ್ವಾ? ಎದ್ದಿರ್ತಾರೆ. ಇಲ್ಲಿಂದಲೇ ಮಾಡಿ."

ಡೊರೀನ್ ಬೇಡ ಬೇಡ ಎಂದಳು. ಮಾಮೂಲಿ ಸಂಕೋಚ ಎಂದುಕೊಂಡು ಕೊಹೆಯಿ ಫೋನನ್ನು ಎತ್ತಿ ಅವಳ ತೊಡೆಯ ಮೇಲೇ ಇಟ್ಟ. ಅವಳು ಸ್ವಲ್ಪ ಹೊತ್ತು ಅದನ್ನು ನೋಡಿ, ಅಂಕಿ ಒತ್ತಿದಳು.

"ಐರಿಸ್, ನಾನು" ಎಂದು ಇಂಗ್ಲಿಷಿನಲ್ಲಿ ಶುರುಮಾಡಿ ವಿಮಾನದ ಹೊತ್ತು ಹೇಳಿದಳು. ಆ ಕಡೆಯಿಂದ ಏನೋ ಕೇಳಿದರು. "ಇಲ್ಲ, ಅದನ್ನ ತೆಗೆದ್ರು. ಹಿಸಾಯೊ ಮನೆಯಿಂದ ಮಾಡ್ತಿದೀನಿ." ಆ ಕಡೆಯ ದನಿ ಜೋರಾಯಿತು, ಖುಷಿಯ ದನಿ. ಡೊರೀನಳ ಕುತ್ತಿಗೆಯಿಂದ ಕೆಂಪು ಏರಿ ಮುಖ ತುಂಬಿತು. ಅವಳು ಫೋನಿನ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು.

"ಹಿಸಾಯೊ ಸಾನ್, ನಾನೊಂದು ತಪ್ಪು ಮಾಡಿದೀನಿ." ಈಗ ತಲೆ ತಗ್ಗಿಸಿದ್ದು ಅವಳು. "ನಾನಿಲ್ಲಿ ಒಬ್ಬಳೇ ಅಂತ ಐರಿಸ್ ಕೊರಗ್ತಿದ್ಲು. ಅದಕ್ಕೆ ಪ್ರತಿ ಭಾನುವಾರ ನಿಮ್ಮನೇಲೇ ನನ್ನ ಊಟ ಅಂತ ಹೇಳ್ಬಿಟ್ಟೆ. ಒಂದ್ಸಲ ಹೇಳಿದ್ಮೇಲೆ ಪ್ರತಿ ವಾರ ಹೇಳ್ಬೇಕಾಯ್ತು. ಎಷ್ಟೋ ವರ್ಷದಿಂದ. ಒಂದ್ಸಲ ಒಳಗೆ ಬಂದು ನೋಡಿದ್ರೆ ಎಲ್ಲಾ ಸುಳ್ಳು ಆಗಲ್ಲ ಅಂತ ಬಂದೆ. ಈಗ ನಿಮ್ಮ ಹತ್ರ ಮಾತಾಡ್ಬೇಕಂತೆ ಅವಳಿಗೆ. ನಿಮಗೆ ಬೇಡ ಅಂದ್ರೆ ಸ್ನಾನಕ್ಕೆ ಹೋಗಿದಾರೆ ಅಂತೀನಿ."

ಹಿಸಾಯೊ ಕೈ ಚಾಚಿ ಫೋನ್ ತೆಗೆದುಕೊಂಡಳು.

"ಹಿಸಾಯೊ, ನೀವೇನಾ?" ಎಂದಿತು ದನಿ. ಡೊರೀನಳ ದನಿಯೇ, ಇನ್ನೂ ಸ್ವಲ್ಪ ಒರಟು. "ಕೊನೆಗೂ ಸಿಕ್ರಲ್ಲ. ನಮ್ಮಕ್ಕ ಒಂದು ಭಾನುವಾರ ತಪ್ಪಿಸಿದ್ರೂ ನೀವು ಬೈತೀರಂತೆ. ಬೈಬೇಕು ಅವಳಿಗೆ. ಅವಳು ಕಾಲು ಮುರ್ಕೊಂಡಾಗ ನೀವು ದಿನಾ ಗಂಜಿ ಮಾಡಿ ತಂದುಕೊಟ್ರಂತಲ್ಲ, ಅದನ್ನ ನಾನು ಸಾಯೋವರೆಗೂ ಮರೆಯಲ್ಲ."

ಕಾಲು ಮುರಿದದ್ದು ಹಿಸಾಯೊಗೆ ನೆನಪಿತ್ತು. ಆಗ ತರಗತಿಯವರೆಲ್ಲ ಸೇರಿ ಒಂದು ಕಾರ್ಡಿಗೆ ಸಹಿ ಹಾಕಿ ಅಂಚೆಗೆ ಹಾಕಿದ್ದರು. ಡೊರೀನಳ ಕೋಣೆ ಹೊಳೆಯ ಆಚೆ ದಡದಲ್ಲಿತ್ತು, ಬಸ್ಸು ಹತ್ತಿದ ಕೂಡಲೇ ಇಳಿಯುವಷ್ಟು ದೂರ. ಗಂಜಿಯ ಯೋಚನೆ ಯಾರಿಗೂ ಬಂದಿರಲಿಲ್ಲ. ಕೋಣೆಯಲ್ಲಿ ಒಬ್ಬಳೇ ಮಲಗಿ ಆ ಗಂಜಿಯನ್ನು ಡೊರೀನ್ ತಾನೇ ಕಲ್ಪಿಸಿಕೊಂಡಿದ್ದಳು.

"ನಮ್ಮಮ್ಮ ಸತ್ತ ವರ್ಷವೂ ನಾನು ನಿಶ್ಚಿಂತೆಯಾಗಿದ್ದೆ ಅಂದ್ರೆ, ಅಲ್ಲಿ ನೀವಿದೀರಿ ಅಂತ" ಎಂದಿತು ದನಿ. "ಏನಂತ ಹೇಳ್ಲಿ ನಿಮಗೆ. ಥ್ಯಾಂಕ್ಯೂ ಅನ್ನೋದು ಬಿಟ್ಟು ನನಗೆ ಬೇರೆ ಮಾತು ಗೊತ್ತಿಲ್ಲ."

ಕೊಹೆಯಿ ಏನೆಂದು ತಿಳಿಯದೆ ನಗುತ್ತಾ ಕೂತಿದ್ದ. ಡೊರೀನ್ ಖಾಲಿ ಬಟ್ಟಲಿನೊಳಗೆ ನೋಡುತ್ತಿದ್ದಳು. ಹಿಸಾಯೊಗೆ ಇಂಗ್ಲಿಷ್ ಬರುತ್ತಿತ್ತು, ಊರಿಗೆಲ್ಲ ಹೇಳಿಕೊಡುವಷ್ಟು ಬರುತ್ತಿತ್ತು.

"ನಾನೇನೂ ಮಾಡ್ಲಿಲ್ಲ" ಎಂದಳು.

ಐರಿಸ್ ನಕ್ಕಳು. "ಹೀಗೇ ಹೇಳ್ತೀರಿ ಅಂತ ಡೊರೀನ್ ಮೊದಲೇ ಹೇಳಿದ್ಲು. ನಿಮ್ಮ ಕಡೆಯವರ ವಿನಯ."

"ಇಲ್ಲ. ನಿಜವಾಗ್ಲೂ, ನಾನೇನೂ ಮಾಡ್ಲಿಲ್ಲ" ಎಂದಳು ಹಿಸಾಯೊ ಮತ್ತೆ, ಒಂದೊಂದೇ ಪದ ಬಿಡಿಸಿ.

ಆ ಕಡೆ ಇನ್ನೂ ನಗು, ಇನ್ನೂ ಥ್ಯಾಂಕ್ಯೂ. ನಾವು ಫೋನಿನಲ್ಲಿ ಮಾತಾಡುವಾಗಲೂ ಬಗ್ಗುವವರು, ನೋಡುವವರು ಯಾರೂ ಇಲ್ಲದಿದ್ದರೂ. ಹಿಸಾಯೊ ಫೋನನ್ನು ಕಿವಿಗೆ ಒತ್ತಿ ಹಿಡಿದು, ಹಣೆ ಚಾಪೆಗೆ ತಾಗುವವರೆಗೆ ಬಗ್ಗಿದಳು. ಗ್ರಿಮ್ಸ್‌ಬಿಯ ಹೆಂಗಸು ಮಾತು ಮುಗಿಸಿ ಫೋನ್ ಇಟ್ಟ ಮೇಲೂ ಅವಳು ತಲೆ ಎತ್ತಲಿಲ್ಲ.